ಎಂ.ಎ.ಗೆ ಮಾನಸಗಂಗೋತ್ರಿಯೋ, ಕ್ರೈಸ್ಟೋ?

ಮೊದಲು ದುಡ್ಡಿನ ಮಾತು. ಮಾನಸಗಂಗೋತ್ರಿ ಅಂದರೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್. ಆ ವಿಶ್ವವಿದ್ಯಾಲಯ ಸರ್ಕಾರದ್ದು, 1916ರಲ್ಲಿ ಶುರುವಾದದ್ದು. ಬೆಂಗಳೂರಿನ ಕ್ರೈಸ್ಟ್ 1969ರಲ್ಲಿ ಕಾಲೇಜಾಗಿ ಹುಟ್ಟಿ, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ, ಅಂದರೆ ತಾನೇ ಪದವಿ ಕೊಡಬಲ್ಲ ಸಂಸ್ಥೆಯಾಯಿತು. ಅಲ್ಲಿನ ಫೀಸು ಮೈಸೂರಿಗಿಂತ ತುಂಬಾ ಜಾಸ್ತಿ. ಅದರ ಮೇಲೆ ಬೆಂಗಳೂರಿನ ಪಿಜಿ ಬಾಡಿಗೆ, ಊಟದ ಖರ್ಚು ಬೇರೆ. ಸಾಲ ಮಾಡಿ ಸೇರುವ ಮುಂಚೆ ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಕ್ರೈಸ್ಟ್‌ನಲ್ಲಿ ಶಿಸ್ತು ಬಿಗಿ. ಹಾಜರಾತಿ ಕಟ್ಟುನಿಟ್ಟು, ಬಟ್ಟೆಗೂ ನಿಯಮ. ವರ್ಷವಿಡೀ ಅಸೈನ್‌ಮೆಂಟು, ಪ್ರೆಸೆಂಟೇಶನ್ನು. ಹೊಸೂರು ರಸ್ತೆಯಲ್ಲೇ ಇರುವುದರಿಂದ ಇಂಟರ್ನ್‌ಶಿಪ್ ಹುಡುಕೋದು ಸುಲಭ. ಯಾರಾದರೂ ಬೆನ್ನು ಹತ್ತಿ ಓದಿಸಬೇಕು ಅನ್ನುವವರಿಗೆ ಇದು ಸರಿ.

ಗಂಗೋತ್ರಿಯಲ್ಲಿ ನಿಮ್ಮ ಓದು ನಿಮ್ಮ ಕೈಯಲ್ಲಿ. ಕುವೆಂಪು ಕುಲಪತಿಯಾಗಿದ್ದಾಗ ಕಟ್ಟಿದ ಕ್ಯಾಂಪಸ್ ಇದು. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಇತಿಹಾಸದಂಥ ವಿಷಯದ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಹಳ್ಳಿಯಿಂದ ಬಂದ ಮಕ್ಕಳಿಗೆ ಇದು ಎಷ್ಟು ದೊಡ್ಡ ಬಲ ಅಲ್ವಾ! ಆದರೆ ಕಚೇರಿ ಕೆಲಸಕ್ಕೆ ಓಡಾಟ ಇದೆ. ಒಂದು ಅಂಕಪಟ್ಟಿಗೂ ಚಲನ್ ಕಟ್ಟಿ ಕಾಯಬೇಕಾಗಬಹುದು.

ಕನ್ನಡ, ಇತಿಹಾಸ, ಜಾನಪದಕ್ಕಾದರೆ ನಾನು ಗಂಗೋತ್ರಿಗೇ ಹೋಗಿ ಅನ್ನುತ್ತೇನೆ. ಮಾಧ್ಯಮ, ಮನಃಶಾಸ್ತ್ರ ಓದಿ ಬೆಂಗಳೂರಲ್ಲೇ ಕೆಲಸ ಹಿಡಿಯುವ ಆಸೆಯಿದ್ದು, ಫೀಸು ಕಟ್ಟುವ ಶಕ್ತಿಯೂ ಇದ್ದರೆ ಕ್ರೈಸ್ಟ್ ನೋಡಿ. ಸೇರುವ ಮುಂಚೆ ನಿಮ್ಮ ವಿಭಾಗಕ್ಕೆ ಹೋಗಿ, ಕಾಯಂ ಮೇಷ್ಟ್ರು ಎಷ್ಟು ಜನ ಇದ್ದಾರೆ ಅಂತ ಕೇಳಿ.