ಕೊರಳಚೀಟಿ ಇದೆ, ಮರಳಿದ ಕಥೆ ಇಲ್ಲ: ಒಂದು ಪಾಠೋಪಕರಣದ ಪೆಟ್ಟಿಗೆ

ಎರಡನೆಯ ಮಹಾಯುದ್ಧದಲ್ಲಿ ಬಾಂಬು ದಾಳಿಯ ಭಯದಿಂದ ಬ್ರಿಟನ್ನಿನ ಶಾಲಾಮಕ್ಕಳನ್ನು ಪಟ್ಟಣಗಳಿಂದ ಹಳ್ಳಿಗಳಿಗೆ ಸಾಗಿಸಿದ ಸಂಗತಿಯನ್ನು ವಸ್ತುಗಳ ಮೂಲಕ ಕಲಿಸುವ ಈ ಪೆಟ್ಟಿಗೆಯನ್ನು ಬಾಗಲಕೋಟೆಯ ನವನಗರದ ನಮ್ಮ ಪ್ರೌಢಶಾಲೆಗಾಗಿ 1,450 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದೆ. ಸಮಾಜ ವಿಜ್ಞಾನದ ಎರಡು ಅವಧಿಗಳಲ್ಲಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಒಳಗಿರುವುದು ವಿಷಾನಿಲದ ಮುಖವಾಡ ಇಡುತ್ತಿದ್ದಂಥ ರಟ್ಟಿನ ಡಬ್ಬಿಯ ಮಾದರಿ, ಕೊರಳಿಗೆ ಕಟ್ಟುವ ಚೀಟಿಗಳು, ಅಂಚೆ ಕಾರ್ಡುಗಳು, ಒಂದು ನಕ್ಷೆ ಮತ್ತು ತೆಳ್ಳನೆಯ ಕೈಪಿಡಿ. ನಕ್ಷೆಯ ಮುದ್ರಣ ಮಸುಕಾಗಿದೆ. ಆದರೆ ಚೀಟಿಯೊಂದೇ ಇಡೀ ಪಾಠವನ್ನು ಹೊತ್ತು ನಿಲ್ಲುತ್ತದೆ. ಹೆಸರು, ಶಾಲೆ, ಸಂಖ್ಯೆ ಇಷ್ಟನ್ನೇ ತುಂಬಿ ಸುತಳಿಯಿಂದ ಕೊರಳಿಗೆ ಕಟ್ಟಿಕೊಂಡ ಹುಡುಗಿಯೊಬ್ಬಳು, "ಇದರಾಗ ಅವ್ವನ ಹೆಸರು ಬರಿಲಿಕ್ಕೆ ಜಾಗಾನ ಇಲ್ಲಲ್ರಿ ಸರ್" ಎಂದಾಗ ತರಗತಿ ಸುಮ್ಮನಾಯಿತು. ಮಗು ಯಾವ ಊರು ಸೇರುತ್ತದೆಂಬುದು ಎಷ್ಟೋ ತಂದೆತಾಯಿಗಳಿಗೆ ಮೊದಲೇ ತಿಳಿದಿರಲಿಲ್ಲ, ತಲುಪಿದ ಮೇಲೆ ಮಗುವೇ ಕಾರ್ಡು ಬರೆದು ವಿಳಾಸ ತಿಳಿಸಬೇಕಾಗಿತ್ತು ಎಂಬುದನ್ನು ಅದಾದ ಮೇಲೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟು ಬಂದವರ ಮೊಮ್ಮಕ್ಕಳು ನಮ್ಮಲ್ಲಿ ಅನೇಕರಿದ್ದಾರೆ; ಆದರೆ ಅವರ ಮನೆತನಗಳು ಪಾತ್ರೆ, ದನಕರು, ದೇವರ ಜಗಲಿಯ ಸಮೇತ ಒಟ್ಟಿಗೇ ಬಂದವು.

ಕೈಪಿಡಿಯೇ ಈ ಪೆಟ್ಟಿಗೆಯ ದೊಡ್ಡ ಕೊರತೆ. 1939ರ ಸೆಪ್ಟೆಂಬರ್ 1ರಂದು, ಎಂದರೆ ಬ್ರಿಟನ್ ಯುದ್ಧ ಘೋಷಿಸುವುದಕ್ಕೆ ಎರಡು ದಿನ ಮೊದಲೇ, ಸ್ಥಳಾಂತರ ಆರಂಭವಾಯಿತು, ಮೂರ್ನಾಲ್ಕು ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ಸಾಗಿಸಲಾಯಿತು, ಅವರಲ್ಲಿ 8 ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳಿದ್ದರು ಎಂಬಲ್ಲಿಗೆ ಅದರ ಕಥೆ ಮುಗಿಯುತ್ತದೆ. ರೈಲು ಇಳಿದ ಮಕ್ಕಳನ್ನು ಹಳ್ಳಿಯ ಸಭಾಭವನದಲ್ಲಿ ಸಾಲಾಗಿ ನಿಲ್ಲಿಸಿದಾಗ ಊರಿನವರು ಸಂತೆಯಲ್ಲಿ ಹೋರಿ ಆರಿಸುವಂತೆ ಗಟ್ಟಿಮುಟ್ಟಾದವರನ್ನು ಮೊದಲು ಆರಿಸಿಕೊಂಡದ್ದು, ಒಂದೇ ಮಗುವನ್ನು ಇಟ್ಟುಕೊಂಡರೆ ವಾರಕ್ಕೆ 10 ಶಿಲಿಂಗ್ 6 ಪೆನ್ಸ್, ಒಂದಕ್ಕಿಂತ ಹೆಚ್ಚಿದ್ದರೆ ತಲಾ 8 ಶಿಲಿಂಗ್ 6 ಪೆನ್ಸ್ ಭತ್ಯೆ ಸಿಗುತ್ತಿದ್ದದ್ದು, ಇವು ಯಾವುವೂ ಅದರಲ್ಲಿಲ್ಲ. ನಿರೀಕ್ಷಿಸಿದ ಬಾಂಬು ದಾಳಿ ಕೂಡಲೇ ನಡೆಯದ ಕಾರಣ 1940ರ ಜನವರಿಯ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿ ಪಟ್ಟಣಕ್ಕೆ ಮರಳಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಾಂಬುಗಳ ಸುರಿಮಳೆ ಆರಂಭವಾದಾಗ ಮತ್ತೆ ಹೊರಡಬೇಕಾಯಿತು. ಹೀಗೆ ಮರಳಿ ಮತ್ತೆ ಹೊರಟ ಕಥೆಯನ್ನೂ ಕೈಪಿಡಿ ಹೇಳದಿರುವುದರಿಂದ ಇಡೀ ಯೋಜನೆ ಒಂದು ಪಿಕ್ನಿಕ್ಕಿನಂತೆ ಕಾಣುತ್ತದೆ. ಜಪಾನ್ 1944ರಲ್ಲಿ ತನ್ನ ಶಾಲಾಮಕ್ಕಳನ್ನು ಹಳ್ಳಿಗಳ ದೇವಾಲಯಗಳಿಗೂ ವಸತಿಗೃಹಗಳಿಗೂ ಕಳುಹಿಸಿದ್ದಕ್ಕೆ ಒಂದು ಸಾಲಾದರೂ ಇರಬೇಕಾಗಿತ್ತು.

ಚೀಟಿಗಳ ಕಾಗದ ಎಷ್ಟು ತೆಳುವೆಂದರೆ ಮೊದಲ ಅವಧಿಯಲ್ಲೇ ಒಂಬತ್ತು ಹರಿದವು. ಕಾರ್ಡುಗಳೂ ಹೇಳಿದ್ದಕ್ಕಿಂತ ಹದಿಮೂರು ಕಡಿಮೆ ಇದ್ದವು. ದೂರು ಕೊಟ್ಟ ಮೂರು ವಾರಗಳ ಮೇಲೆ, ಪಾಠ ಮುಗಿದು ಕಿರುಪರೀಕ್ಷೆಯೂ ಆದ ನಂತರ, ಅವು ಬಂದವು. ಕೈಪಿಡಿಯ ಕೊರತೆಯನ್ನು ತಾವೇ ತುಂಬಬಲ್ಲ ಶಿಕ್ಷಕರು ಕೊಳ್ಳಬಹುದು, ಆದರೆ ಚೀಟಿಗಳನ್ನು ಬಳಸುವ ಮುನ್ನ ದಪ್ಪ ರಟ್ಟಿಗೆ ಅಂಟಿಸಿಕೊಳ್ಳುವುದು ಲೇಸು.