ಅದಿರು ಧೂಳಿನ ಊರಲ್ಲಿ ಮನೆಯಲ್ಲೇ ಕಾರು ಡೀಟೇಲಿಂಗ್: ಮೂರು ವರ್ಷ ಬಳಸಿದ ಸಾಮಾನುಗಳ ವಿಮರ್ಶೆ

ಊರು ಬಳ್ಳಾರಿ. ಕಾರು ಬಿಳಿ ಬಣ್ಣದ್ದು, ಏಳು ಸೀಟಿನದು. ಮನೆ ಮುಂದೆ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತದೆ, ವಾರಕ್ಕೆ ಎರಡು ಸಲವಾದರೂ ತೋರಣಗಲ್ಲು, ಹೊಸಪೇಟೆ ಕಡೆ ಹೋಗಿ ಬರುತ್ತದೆ. ಮೂರು ವರ್ಷದಿಂದ ಇದನ್ನು ಮನೆಯಲ್ಲೇ ಕೈಯಿಂದ ತೊಳೆದು, ಬಣ್ಣಕ್ಕೆ ಅಂಟಿದ ಕಣ ಎತ್ತುವ ಜೇಡಿಯಂಥ ಕ್ಲೇ ಹಾಕಿ, ಬಣ್ಣ ಕಾಯುವ ಸೀಲಂಟ್ ಹಚ್ಚುತ್ತಾ ಬಂದಿದ್ದೇವೆ. ತರಿಸಿದ ಸಾಮಾನಿನಲ್ಲಿ ಯಾವುದು ಈ ಊರಿಗೆ ಹೊಂದಿತು, ಯಾವುದು ಮೂಲೆ ಸೇರಿತು ಎಂಬುದನ್ನು ಇಲ್ಲಿ ಹೇಳುತ್ತೇವೆ. ಬೆಂಗಳೂರಿನ ಮಣ್ಣು, ನೀರು, ಬಿಸಿಲು ನೋಡಿ ಹೇಳಿದ ಸಲಹೆಗಳಲ್ಲಿ ಅರ್ಧ ಇಲ್ಲಿ ನಡೆಯುವುದಿಲ್ಲ.

ಮೊದಲು ಧೂಳಿನ ಮಾತು. ಸಂಡೂರು ಕಡೆಯ ಅದಿರು ಹೆಚ್ಚಾಗಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಗಡಸುತನದ ಮೋಸ್ ಅಳತೆಯಲ್ಲಿ ಇದು 5.5ರಿಂದ 6.5, ಅಂದರೆ ಗಾಜಿಗೂ ಗೀರು ಹಾಕಬಲ್ಲದು. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ತೊಳೆದ ಬಕೆಟ್ಟಿನ ನೀರನ್ನು ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಬಗ್ಗಿಸಿ ನೋಡಿ. ತಳದಲ್ಲಿ ಕುಂಕುಮದ ಬಣ್ಣದ ಗಸಿ ಕೂತಿರುತ್ತದೆ. ಎರಡು ಬೆರಳಲ್ಲಿ ತಿಕ್ಕಿದರೆ ಹಲ್ಲುಪುಡಿಯಷ್ಟು ನುಣುಪು, ಆದರೆ ನಡುನಡುವೆ ಒಂದೊಂದು ಕಣ ಚುರುಕ್ಕೆನ್ನುತ್ತದೆ. ಬಾನೆಟ್ಟಿನ ಮೇಲೆ ಜೇಡರಬಲೆಯಂತೆ ಕಾಣುವ ಗೀರುಗಳಿಗೆಲ್ಲ ಕಾರಣ ಆ ಕಣಗಳೇ.

ಆದ್ದರಿಂದ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಪಟಪಟ ಒರೆಸುವ ಮೇಣ ಹಚ್ಚಿದ ನೂಲಿನ ಡಸ್ಟರ್ ಈ ಊರಲ್ಲಿ ಕೊಳ್ಳಲೇಬಾರದ ವಸ್ತು. ಒಣ ಧೂಳನ್ನು ಒಣ ಬಟ್ಟೆಯಲ್ಲಿ ಎಳೆಯುವುದೂ ಉಪ್ಪುಕಾಗದದಲ್ಲಿ ಸವರುವುದೂ ಒಂದೇ. ಜೀನ್ಸ್ ಹೊಲಿಯುವ ಊರಾದ್ದರಿಂದ ಕಟ್ಟಿಂಗ್‌ನ ಚೂರು ಬಟ್ಟೆ ಸುಲಭವಾಗಿ ಸಿಗುತ್ತದೆ. ಅದು ಟೈರಿಗೆ, ಮ್ಯಾಟಿಗೆ ಸರಿ. ಬಣ್ಣಕ್ಕೆ ಬೇಡ, ಡೆನಿಮ್ ನೇಯ್ಗೆ ಒರಟು, ಅಂಚಿನ ಹೊಲಿಗೆ ಇನ್ನೂ ಒರಟು. ಧೂಳು ಕೂತಿದ್ದರೆ ಹಾಗೇ ಓಡಿಸಿ, ಕಾರಿಗೆ ಏನೂ ಆಗುವುದಿಲ್ಲ. ನೀರು ಹೊಡೆಯದೆ ಕೈ ಹಚ್ಚಬೇಡಿ.

ಹೆಚ್ಚು ದುಡ್ಡು ಹೋದದ್ದು ಪ್ರೆಷರ್ ವಾಷರ್‌ಗೆ. 1,500 ವಾಟ್, ಡಬ್ಬಿಯ ಮೇಲೆ 110 ಬಾರ್ ಒತ್ತಡ, ನಿಮಿಷಕ್ಕೆ ಸುಮಾರು 6 ಲೀಟರ್. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬಾರ್ ಜಾಸ್ತಿ ಇದ್ದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಕಾರಿಗೆ 100 ಬಾರ್ ಧಾರಾಳ, ಫ್ಯಾನ್ ನಾಜಲ್ ಹಾಕಿ ಒಂದು ಅಡಿ ದೂರದಿಂದ ಹೊಡೆಯಬೇಕು. ಅದಕ್ಕಿಂತ ಹತ್ತಿರ ಹಿಡಿದರೆ ಮೊದಲೇ ಕಲ್ಲೇಟು ತಿಂದು ಬಣ್ಣ ಎದ್ದ ಜಾಗ ಸಿಪ್ಪೆ ಸುಲಿದಂತೆ ಏಳುತ್ತದೆ. ಲಾರಿಗಳ ಹಿಂದೆ ಓಡುವ ಕಾರಿನ ಬಾನೆಟ್ ತುದಿಯಲ್ಲಿ ಅಂಥ ಜಾಗ ಇದ್ದೇ ಇರುತ್ತವೆ. ನೀರಿನ ಲೆಕ್ಕವೂ ಇದರಿಂದ ಇಳಿಯಿತು. ಪೈಪು ಬಿಟ್ಟು ತೊಳೆದರೆ 200 ಲೀಟರ್ ಹೋಗುತ್ತಿತ್ತು. ಈಗ ವಾಷರ್‌ನಲ್ಲಿ ಏಳು ನಿಮಿಷ, ಎರಡು ಬಕೆಟ್ಟಿನದೂ ಸೇರಿ 70–75 ಲೀಟರ್. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಬೇಸಿಗೆಯಲ್ಲಿ ಇದು ಸಣ್ಣ ಉಳಿತಾಯವಲ್ಲ.

ಕೆಟ್ಟದ್ದೂ ಇದೇ ಯಂತ್ರ. ಮೊದಲ ವರ್ಷದಲ್ಲೇ ನೀರು ಒಳಬರುವ ಕಡೆಯ ಜಾಲರಿ ಬೋರಿನ ಮರಳಿನಿಂದ ಮುಚ್ಚಿಕೊಂಡಿತು. ಒತ್ತಡ ಒಮ್ಮೆ ಏರಿ ಒಮ್ಮೆ ಇಳಿದರೆ ಮೊದಲು ಅದನ್ನು ಬಿಚ್ಚಿ ನೋಡಿ. ಎರಡನೇ ವರ್ಷ ಗನ್ನಿನ ಒ-ರಿಂಗ್ ಒಣಗಿ ಸೋರಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ರಿಂಗ್ ಸಿಕ್ಕಿತು, ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದ ಮೇಲೆ ನಿಂತಿತು. ಮೂರನೇ ವರ್ಷ ಟ್ರಿಗರ್ ಬಿಟ್ಟಿದ್ದರೂ ಮೋಟರ್ ತಾನಾಗಿ ಗುರ್ರೆನ್ನತೊಡಗಿತು. ಒಳಗಿನ ವಾಲ್ವಿಗೆ ಸವಳು ನೀರಿನ ಸುಣ್ಣ ಕಟ್ಟಿ, ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಈಗ ಪ್ರತಿ ಸಲ ಕೊನೆಗೆ ಎರಡು ಲೀಟರ್ ಆರ್‌ಒ ನೀರು ಎಳೆಸಿ, ಸ್ವಿಚ್ ಆರಿಸಿ, ಟ್ರಿಗರ್ ಒತ್ತಿ ಒತ್ತಡ ಬಿಟ್ಟ ಮೇಲೆಯೇ ಇಡುತ್ತೇವೆ. ಕರೆಂಟಿನ ವಿಷಯದಲ್ಲಿ ಸಡಿಲ ಬೇಡ. ಒದ್ದೆ ನೆಲದ ಕೆಲಸ ಇದು, ಮನೆಗೆ ಸೋರುವ ಕರೆಂಟನ್ನು ಕೂಡಲೇ ಕಡಿಯುವ ಆರ್‌ಸಿಸಿಬಿ ಇರಲೇಬೇಕು. ತೆಳುವಾದ ಎಕ್ಸ್‌ಟೆನ್ಷನ್ ವೈರು ಕೈಗೆ ಬಿಸಿ ತಾಗುವಷ್ಟು ಕಾಯುತ್ತದೆ.

ತೊಳೆಯುವ ಹೊತ್ತು ಬೆಳಿಗ್ಗೆ ಏಳೂವರೆಯೊಳಗೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು, ಎಂಟಕ್ಕೇ ಕಾರಿನ ತಗಡು ಕಾಯುತ್ತದೆ. ಅಂಗೈ ಹಿಂಭಾಗವನ್ನು ಬಾನೆಟ್ ಮೇಲಿಟ್ಟು ನೋಡಿ, ಬೆಚ್ಚಗಿದ್ದರೆ ಅವತ್ತು ನೊರೆ ಹಾಕಬೇಡಿ, ಒಣಗಿ ಕಲೆ ಕಟ್ಟುತ್ತದೆ.

ಚಕ್ರಗಳದು ಮೊದಲು, ಅದಕ್ಕೆ ಬೇರೆಯೇ ಬಕೆಟ್ಟು, ಬೇರೆ ಬ್ರಷ್. ಸಿರುಗುಪ್ಪ, ಗಂಗಾವತಿ ಕಡೆ ಗದ್ದೆ ದಾರಿಯಲ್ಲಿ ಹೋಗಿ ಬಂದಿದ್ದರೆ ಮಡ್‌ಗಾರ್ಡ್ ಒಳಗೆ ಎರೆಮಣ್ಣು ಸಿಮೆಂಟಿನಂತೆ ಹಿಡಿದಿರುತ್ತದೆ. ಕೆರೆಯಲು ಹೋಗಬೇಡಿ, ಹಿಂದಿನ ರಾತ್ರಿ ಒಮ್ಮೆ ನೆನೆಸಿ, ಬೆಳಿಗ್ಗೆ ಮತ್ತೆ ನೆನೆಸಿದರೆ ಉಬ್ಬಿ ತಾನೇ ಕಳಚುತ್ತದೆ. ಆಮೇಲೆ ಇಡೀ ಕಾರಿಗೆ ಬರೀ ನೀರು ಮೂರು ನಿಮಿಷ, ಮೇಲಿನಿಂದ ಕೆಳಕ್ಕೆ. ಈ ಮೂರು ನಿಮಿಷದಲ್ಲಿ ಜಿಪುಣತನ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಫೋಮ್ ಗನ್‌ಗೆ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಶಾಂಪೂ 80 ಮಿ.ಲೀ., ನೀರು 800 ಮಿ.ಲೀ. ನೊರೆಯನ್ನು ಕೆಳಗಿನಿಂದ ಮೇಲಕ್ಕೆ ಹಾಕಿ, ನಾಲ್ಕೈದು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ಪಾತ್ರೆ ತಿಕ್ಕುವ ಲಿಕ್ವಿಡ್ ಹಾಕಿದರೆ ಜಿಡ್ಡೇನೋ ಹೋಗುತ್ತದೆ, ಹಚ್ಚಿದ ಸೀಲಂಟೂ ಅದರ ಜೊತೆಗೇ ಹೋಗುತ್ತದೆ.

ಕೈ ಹಚ್ಚುವುದು ಇಷ್ಟಾದ ಮೇಲೆ. ಎರಡು ಬಕೆಟ್ಟು, ತಲಾ 15 ಲೀಟರ್, ಎರಡರ ತಳದಲ್ಲೂ ಗ್ರಿಟ್ ಗಾರ್ಡ್ ಎನ್ನುವ ಪ್ಲಾಸ್ಟಿಕ್ ಜಾಲರಿ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗವಸಿನಂಥ ಮೈಕ್ರೋಫೈಬರ್ ಮಿಟ್ಟನ್ನು ಶಾಂಪೂವಿನಲ್ಲಿ ಅದ್ದಿ ಅರ್ಧ ಬಾನೆಟ್ ಸವರಿ, ಬರೀ ನೀರಲ್ಲಿ ಜಾಲರಿಗೆ ತಿಕ್ಕಿ ಕೊಳೆ ಬಿಡಿಸಿ, ಮತ್ತೆ ಶಾಂಪೂವಿಗೆ. ಗೋಲಗೋಲ ತಿರುಗಿಸದೆ ನೇರ ಗೆರೆಯಲ್ಲಿ, ಮಿಟ್ಟಿನ ತೂಕವಷ್ಟೇ ಬೀಳುವಂತೆ. ಬಾಗಿಲ ಕೆಳಗಿನ ಅರ್ಧ ಮತ್ತು ಹಿಂದಿನ ಬಂಪರ್‌ಗೆ ಬೇರೆ ಮಿಟ್ಟು. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಬೆಲೆಯ ಸಾಮಾನು ಇವೇ. ದುಡ್ಡು ಸ್ವಲ್ಪವೇ ಇದ್ದರೆ ಇವಿಷ್ಟನ್ನೇ ತೆಗೆದುಕೊಳ್ಳಿ, ಪಾಲಿಶ್ ಮೆಷಿನ್ ಯೋಚನೆ ಬಿಡಿ. ಒಂದು ಸಲ ಪಾಲಿಶ್ ಮಾಡಿದರೆ ಒಂದರಿಂದ ಮೂರು ಮೈಕ್ರಾನ್ ಕ್ಲಿಯರ್ ಕೋಟ್ ಸವೆಯುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ.

ನೀರಿಲ್ಲದ ವಾರಕ್ಕೆಂದು, ಹಚ್ಚಿದ ಮೇಲೆ ಮತ್ತೆ ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ಶಾಂಪೂ ಇಟ್ಟಿದ್ದೇವೆ, 10 ಲೀಟರ್ ನೀರಿಗೆ 40 ಮಿ.ಲೀ. ಗಡಸು ನೀರಲ್ಲೂ ಚೆನ್ನಾಗಿ ಜಾರುತ್ತದೆ. ಆದರೆ ತೋರಣಗಲ್ಲಿನಿಂದ ಅದಿರು ಧೂಳು ಹೊತ್ತು ಬಂದ ದಿನ ಇದನ್ನು ಮುಟ್ಟುವುದಿಲ್ಲ. ಊರೊಳಗಷ್ಟೇ ಓಡಿದ, ತೆಳುವಾಗಿ ಧೂಳು ಕೂತ ಕಾರಿಗೆ ಮಾತ್ರ.

ಇನ್ನು ಕಲೆಗಳು. ನೀರಲ್ಲಿ ಕರಗಿದ ಉಪ್ಪನ್ನು ಅಳೆಯುವ, ನಾಲ್ಕು ನೂರು ರೂಪಾಯಿಯೊಳಗಿನ ಟಿಡಿಎಸ್ ಪೆನ್ನು ತರಿಸಿದ ಮೇಲೆ ಹಳೆಯ ಒಂದು ತೊಂದರೆ ಅರ್ಥವಾಯಿತು. ಬೋರ್ ನೀರು ಲೀಟರಿಗೆ 1,100 ಮಿ.ಗ್ರಾಂ ಆಸುಪಾಸು ತೋರಿಸಿತು, ಮನೆಯ ಆರ್‌ಒ ನೀರು 60. ಕಾರಿನ ಮೇಲೆ ಒಣಗುವ ಪ್ರತಿ ಹನಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪಿನ ಬಿಳಿ ಉಂಗುರ ಬಿಡುತ್ತದೆ. ಈಗ ಕೊನೆಯ ಸುತ್ತು ಐದು ಲೀಟರಿನ ಕೈಪಂಪಿನ ಸ್ಪ್ರೇಯರ್‌ನಲ್ಲಿ ಆರ್‌ಒ ನೀರು. ಛಾವಣಿ, ಬಾನೆಟ್, ಗಾಜು, ಬಾಗಿಲಿನ ಮೇಲರ್ಧಕ್ಕೆ ಅಷ್ಟು ಸಾಕು. ಸ್ಪ್ರೇಯರ್ ಹೊಸದೇ ಇರಲಿ, ಹೊಲಕ್ಕೆ ಔಷಧಿ ಹೊಡೆದದ್ದು ಬೇಡವೇ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ವ್ಯರ್ಥವಾಗದಿರಲಿ ಎಂದು ಕಾರಿಗೆ ಬಳಸುವವರಿದ್ದಾರೆ. ಅದರಲ್ಲಿ ಉಪ್ಪು ಬೋರ್ ನೀರಿಗಿಂತಲೂ ಹೆಚ್ಚು, ಚಕ್ರಕ್ಕೆ ಮೊದಲ ನೀರಾಗಿ ಹಾಕಬಹುದು ಅಷ್ಟೆ. ಕಟ್ಟಿದ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು. ಬಟ್ಟೆ ಅದ್ದಿ ತಂಪಾದ ಜಾಗದಲ್ಲಿ ಒಂದು ನಿಮಿಷ ಹಾಸಿ, ಮತ್ತೆ ನೀರು ಹೊಡೆಯಿರಿ. ಆ ಜಾಗಕ್ಕೆ ಸೀಲಂಟ್ ಮತ್ತೆ ಹಚ್ಚಬೇಕಾಗುತ್ತದೆ.

ಒಣಗಿಸಲು 1,000 ಜಿಎಸ್‌ಎಂ ಟವೆಲ್ ಒಂದು (ಚದರ ಮೀಟರಿಗೆ 1,000 ಗ್ರಾಂ ತೂಕದ್ದು). ಒರೆಸಬೇಡಿ, ಹಾಸಿ ಮೇಲಿಂದ ತಟ್ಟಿ ಎತ್ತಿ. ಮೂರು ವರ್ಷವಾದರೂ ಇನ್ನೂ ಮೆತ್ತಗಿದೆ. ಹತ್ತಿ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿಲ್ಲ, ಕಂಫರ್ಟ್ ಥರದ್ದು ಮುಟ್ಟಿಸಿಲ್ಲ, ಒಳಮನೆಯಲ್ಲಿ ಒಣಗಿಸಿದ್ದೇವೆ. ಮಹಡಿ ಮೇಲೆ ಒಣಹಾಕಿದರೆ ಸಂಜೆಗೆ ಅದರಲ್ಲೂ ಕೆಂಪು ಧೂಳು.

ಐರನ್ ರಿಮೂವರ್ ಎಂಬ, ಕಬ್ಬಿಣದ ಕಣ ಕರಗಿಸುವ ದ್ರಾವಣದ ಬಗ್ಗೆ ಹುಮ್ಮಸ್ಸು ಜಾಸ್ತಿ ಇತ್ತು, ಕೆಂಪು ಧೂಳಿಗೆ ಇದೇ ಮದ್ದು ಅಂದುಕೊಂಡಿದ್ದೆವು. ಅಷ್ಟು ಸರಳವಿಲ್ಲ. ಬ್ರೇಕ್ ಪ್ಯಾಡಿನಿಂದ ಉದುರುವ ಕಬ್ಬಿಣದ ಚೂರಿಗೆ ತಗುಲಿದರೆ ಎರಡೇ ನಿಮಿಷದಲ್ಲಿ ನೇರಳೆ ಬಣ್ಣ ಸುರಿಯುತ್ತದೆ. ಅದಿರಿನ ಧೂಳು ಮೊದಲೇ ಆಕ್ಸೈಡ್ ಆಗಿರುವ ಕಬ್ಬಿಣ, ಅದರ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ಹಾಗಾಗಿ ಅಲಾಯ್ ಚಕ್ರ, ಹಿಂಬಾಗಿಲು, ಬಾಗಿಲ ಕೆಳಭಾಗಕ್ಕೆ ಮಾತ್ರ ವರ್ಷಕ್ಕೆ ಮೂರು ಸಲ, ಒಮ್ಮೆಗೆ 150 ಮಿ.ಲೀ. ಕೊಳೆತ ಮೊಟ್ಟೆಯ ವಾಸನೆ, ಕೈಗವಸು ಬೇಕೇ ಬೇಕು. ಐದು ನಿಮಿಷ ಮೀರಬಾರದು, ಒಣಗಲೂಬಾರದು.

ಬಣ್ಣಕ್ಕೆ ಅಂಟಿದ ಅದಿರಿಗೆ ಕ್ಲೇ ಬಾರ್. ತೊಳೆದು ಒಣಗಿಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿದರೆ ರವೆ ಚೆಲ್ಲಿದಂತೆ ತಾಗುತ್ತದೆ, ಆಗ ಸಮಯ ಬಂತು ಎಂದರ್ಥ. ನಮಗೆ ವರ್ಷಕ್ಕೆ ಎರಡು ಸಲ ಸಾಕಾಗಿದೆ, ಯುಗಾದಿಗೆ ಮುಂಚೆ ಮತ್ತು ದಸರೆಗೆ ಮುಂಚೆ. 100 ಗ್ರಾಂ ಫೈನ್ ಬಾರನ್ನು ನಾಲ್ಕು ತುಂಡು ಮಾಡಿ ಒಂದನ್ನೇ ಬಳಸಿ. ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಡಿ, ತೊಳೆದರೂ ಮರಳು ಹೋಗುವುದಿಲ್ಲ. ಶಾಂಪೂ ನೀರು ಧಾರಾಳವಾಗಿರಲಿ, ಕ್ಲೇ ಹಿಡಿದುಕೊಂಡರೆ ನೀರು ಕಮ್ಮಿಯಾಗಿದೆ. ಬಿಸಿಲು ಬಂದರೆ ಕ್ಲೇ ಚಪಾತಿ ಹಿಟ್ಟಿನಂತೆ ಸಡಿಲವಾಗಿ ಬಣ್ಣದ ಮೇಲೇ ಮೆತ್ತುತ್ತದೆ.

ಅದರ ಮೇಲೆ ಸಿಲಿಕಾ ಸ್ಪ್ರೇ ಸೀಲಂಟ್. ಬಾಟಲಿ ಮೇಲೆ ಮೂರು ತಿಂಗಳು ಅಂತ ಇದೆ. ಮಳೆಗಾಲ, ಚಳಿಗಾಲದಲ್ಲಿ ಹತ್ತು ವಾರ ಬಂದಿದೆ, ಬೇಸಿಗೆಯಲ್ಲಿ ಆರು ವಾರಕ್ಕೆ ನೀರು ಮಣಿಯಾಗಿ ನಿಲ್ಲುವುದು ಬಿಟ್ಟಿತು. ಒಂದು ಬಾಗಿಲಿಗೆ ಎರಡು ಸ್ಪ್ರೇ ಸಾಕು, ನಾಲ್ಕು ಹೊಡೆದರೆ ಮೋಡ ಕವಿದಂತೆ ಗೆರೆ ಉಳಿಯುತ್ತದೆ. ಡಬ್ಬಿಯ ಕಾರ್ನುಬಾ ಮೇಣ ಹೊಳಪಿಗೆ ಚೆಂದ, ಆದರೆ ಇಲ್ಲಿನ ಬೇಸಿಗೆಗೆ ತಿಂಗಳೂ ನಿಲ್ಲಲಿಲ್ಲ. ಮತ್ತೆ ತರಿಸಿಲ್ಲ.

ಸೀಲಂಟಿನ ಬೆಲೆ ಪೂರ್ತಿ ತಿಳಿಯುವುದು ಆಯುಧ ಪೂಜೆಯ ಮಾರನೇ ದಿನ. ವಿಭೂತಿ, ಅರಿಶಿನ, ಕುಂಕುಮ ಬಾನೆಟ್ ಮೇಲೆ ಒಣಗಿರುತ್ತವೆ. ಉಗುರಿನಿಂದ ಕೆರೆದರೆ ವಿಭೂತಿಯ ಪುಡಿಯೇ ಗೀರು ಹಾಕುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಹಾಸಿ, ನೀರು ಹೊಡೆದರೆ ಬಹುಪಾಲು ಇಳಿಯುತ್ತದೆ. ಅರಿಶಿನದ ಹಳದಿ ಉಳಿದರೆ ಉಜ್ಜಬೇಡಿ, ಅದರ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಕೆಲವು ದಿನದಲ್ಲಿ ತಾನೇ ಮಾಸುತ್ತದೆ. ತೊಂದರೆ ಇರುವುದು ರಾಸಾಯನಿಕ ಬಣ್ಣದ ಕುಂಕುಮದಲ್ಲಿ. ಬಿಳಿ ಬಣ್ಣಕ್ಕೂ ಕಪ್ಪು ಪ್ಲಾಸ್ಟಿಕ್ಕಿಗೂ ಗುಲಾಬಿ ಕಲೆ ಹಿಡಿಯುತ್ತದೆ. ಪೂಜೆಯ ಹಿಂದಿನ ದಿನ ಸೀಲಂಟ್ ಹಚ್ಚಿ, ಬೊಟ್ಟನ್ನು ಮುಂದಿನ ಗಾಜಿಗೆ ಇಟ್ಟರೆ ಪೂಜೆಯೂ ಆಯಿತು, ಬಣ್ಣವೂ ಉಳಿಯಿತು. ಹಕ್ಕಿಯ ಹಿಕ್ಕೆಗೂ ಇದೇ ಒದ್ದೆ ಬಟ್ಟೆಯ ಉಪಾಯ, ಆದರೆ ಅದನ್ನು ಮಧ್ಯಾಹ್ನದವರೆಗೂ ಬಿಡುವಂತಿಲ್ಲ. ಕಾದ ಕ್ಲಿಯರ್ ಕೋಟ್ ಮೆತ್ತಗಾಗಿ ಆಮ್ಲದ ಗುರುತು ಒಳಗಿಳಿಯುತ್ತದೆ.

ಒಳಭಾಗದಲ್ಲಿ ಹೇಳುವಂಥದ್ದು ಕಡಿಮೆ. ವ್ಯಾಕ್ಯೂಮ್, ಮೆತ್ತನೆ ಬ್ರಷ್, ಹಿಂಡಿದ ಬಟ್ಟೆ. ಹೊಳೆಯುವ ಡ್ಯಾಶ್‌ಬೋರ್ಡ್ ಪಾಲಿಶ್ ಬೇಡ, ಧೂಳು ಅದಕ್ಕೇ ಅಂಟುತ್ತದೆ, ಬಿಸಿಲು ಗಾಜಿಗೆ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ. ಎಸಿ ಫಿಲ್ಟರ್ ತಿಂಗಳಿಗೊಮ್ಮೆ ತೆಗೆದು ಕೊಡವಿ.

ಬಾಗಿಲ ಗಾಜಿನ ರಬ್ಬರ್ ಪಟ್ಟಿಯನ್ನು ಮಾತ್ರ ಪ್ರತಿ ವಾರ ಒದ್ದೆ ಬಟ್ಟೆಯಲ್ಲಿ ಎಳೆಯಿರಿ. ಅದರ ಸಂದಿಯಲ್ಲಿ ಅದಿರು ಕೂತು, ಗಾಜು ಇಳಿಸಿದಾಗಲೆಲ್ಲ ಉದ್ದುದ್ದ ಗೀರು ಬೀಳುತ್ತದೆ, ಅದು ಪಾಲಿಶಿಗೆ ಸುಲಭವಾಗಿ ಹೋಗುವುದಿಲ್ಲ. ಬಾಗಿಲ ತಳದಲ್ಲಿ ನೀರು ಹರಿಯುವ ಸಣ್ಣ ತೂತುಗಳಿವೆ. ಕೆಂಪು ಕೆಸರಿನಿಂದ ಅವು ಮುಚ್ಚಿದರೆ ಒಳಗೆ ನೀರು ನಿಂತು ತುಕ್ಕು ಶುರುವಾಗುತ್ತದೆ. ಊದುಬತ್ತಿ ಕಡ್ಡಿ ತೂರಿಸಿದರೆ ಸಾಕು. ತೊಳೆದ ಮೇಲೆ ಕಾರನ್ನು ಒಂದು ಕಿಲೋಮೀಟರ್ ಓಡಿಸಿ, ಮೆಲ್ಲಗೆ ನಾಲ್ಕೈದು ಸಲ ಬ್ರೇಕ್ ಒತ್ತಿ, ಡಿಸ್ಕ್ ಒಣಗಿಸಿ ನಿಲ್ಲಿಸಿ.

ಬಟ್ಟೆಯ ಕಾರ್ ಕವರನ್ನು ಎಂಟು ತಿಂಗಳಿಗೇ ತೆಗೆದುಹಾಕಿದೆವು. ತೊಳೆಯದ ಕಾರಿನ ಮೇಲೆ ಹೊದಿಸಿದರೆ ಗಾಳಿಗೆ ಅದೇ ಅಲ್ಲಾಡಿ ಧೂಳನ್ನು ಬಣ್ಣಕ್ಕೆ ತಿಕ್ಕುತ್ತದೆ. ಛಾವಣಿಯ ಅಂಚಿನಲ್ಲಿ, ಸೈಡ್ ಮಿರರ್ ಬೆನ್ನಲ್ಲಿ ಬಣ್ಣ ಮಂಕಾದದ್ದು ಅಲ್ಲೇ. ಆ ಕವರ್ ಈಗ ಪ್ರೆಷರ್ ವಾಷರ್ ಮೇಲೆ ಧೂಳು ಬೀಳದಂತೆ ಹೊದಿಸಲು ಇದೆ.