ಹ್ಯಾಂಗರ್ ಪದಕದ ಕಿಟ್: ತಂತಿಗೆ ಪೂರ್ತಿ ಅಂಕ, ಮರದ ಹಲಗೆಗೆ ಸೊನ್ನೆ

ಅಮೆರಿಕದ ಗರ್ಭಪಾತ ಹಕ್ಕಿನ ಮೆರವಣಿಗೆಗಳಲ್ಲಿ ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರ್ ಹಳೆಯ ಗುರುತು. ವೈದ್ಯರ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಗತಿಯಿಲ್ಲದ ಹೆಂಗಸರು ತಾವೇ ಗರ್ಭ ತೆಗೆದುಕೊಳ್ಳಲು ಅದಕ್ಕೇ ಕೈಹಾಕಿ ಪ್ರಾಣ ಕಳೆದುಕೊಂಡರು. ಅದೇ ಆಕಾರದ ಪದಕ ಮಾಡಿಕೊಳ್ಳಲು ಬಂದಿರುವ ಕಿಟ್ ಇದು. ಡಬ್ಬಿಯಲ್ಲಿ 18 ಗೇಜಿನ, ಅಂದರೆ ಸುಮಾರು 1 ಮಿ.ಮೀ. ದಪ್ಪದ ಹಿತ್ತಾಳೆ ತಂತಿ 1 ಮೀಟರ್, ಎರಡು ಇಕ್ಕಳ, ನಾಲ್ಕು ಬಿಲ್ಲೆ, ಬಿಲ್ಲೆಗೆ ಅಂಕಿ ಒತ್ತುವ ಪಂಚ್, ಕೊಂಡಿಗಳು, ಒಂದು ಮರದ ಹಲಗೆ ಇವೆ.

4 ಸೆಂ.ಮೀ. ಅಗಲದ ಪದಕಕ್ಕೆ 15 ಸೆಂ.ಮೀ. ತಂತಿ ಸಾಕು. ನಡುಮಧ್ಯಕ್ಕೆ ಗುರುತು ಹಾಕಿ, ಅಲ್ಲಿಂದ ಎರಡೂ ಕಡೆ 2 ಸೆಂ.ಮೀ. ಅಳೆದು ಚಪ್ಪಟೆ ಇಕ್ಕಳದಲ್ಲಿ ಮೂಲೆ ಮಡಿಸಬೇಕು. ತುದಿಗಳು ಮೇಲೆ ಕೂಡಿದ ಕಡೆ ಒಂದನ್ನು ಇನ್ನೊಂದರ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಕತ್ತರಿಸಿ, ಉಳಿದದ್ದನ್ನು ದುಂಡು ಇಕ್ಕಳದಲ್ಲಿ ಕೊಕ್ಕೆ ಮಾಡಿದರಾಯಿತು. ಬೆಸುಗೆಯ ಗೊಡವೆ ಇಲ್ಲ.

ಕೆಡುವುದು ಮೂಲೆಯಲ್ಲಿ. ತಪ್ಪು ಜಾಗದಲ್ಲಿ ಮಡಿಸಿ, ನೆಟ್ಟಗೆ ಮಾಡಿ, ಮತ್ತೆ ಮಡಿಸಿದರೆ ತಂತಿ ಲಟಕ್ಕನೆ ಮುರಿಯುತ್ತದೆ. ಪ್ರತಿ ಮಡಿಕೆಗೂ ಹಿತ್ತಾಳೆ ಬಿರುಸಾಗುತ್ತಾ ಹೋಗುತ್ತದೆ. ಸೂಚನಾ ಪತ್ರದಲ್ಲಿ ಈ ಮಾತೇ ಇಲ್ಲ. ಮತ್ತೆ ಮಡಿಸುವ ಮುನ್ನ ತಂತಿಯನ್ನು ಮಬ್ಬು ಬೆಳಕಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಯಿಸಿ, ಕೆಂಪು ಆರಿದ ಮೇಲೆ ನೀರಿಗೆ ಹಾಕಿ. ಮೆತ್ತಗಾಗುತ್ತದೆ. ಕಪ್ಪು ಹಿಡಿದದ್ದು ಹುಣಸೆಹುಳಿಗೆ ಬಿಡುತ್ತದೆ. ನಮ್ಮ ದೇವರ ಸಾಮಾನು ಬೆಳಗುವ ಉಪಾಯವೇ. ಕೊನೆಗೆ ಕೊಕ್ಕೆಯನ್ನು ಉಕ್ಕಿನ ದಿಮ್ಮಿಯ ಮೇಲಿಟ್ಟು ಸಣ್ಣಗೆ ತಟ್ಟಿದರೆ ಮತ್ತೆ ಗಟ್ಟಿಯಾಗಿ, ಎಳೆದರೂ ಬಿಚ್ಚಿಕೊಳ್ಳುವುದಿಲ್ಲ. ಕತ್ತರಿಸಿದ ತುದಿಗೆ ಅರ ಹಾಕಿ 400 ನಂಬರಿನ ಉಪ್ಪುಕಾಗದ ಉಜ್ಜುವುದು ಮರೆತರೆ ಕತ್ತು ಗೀರುತ್ತದೆ. ಕೊಂಡಿಯನ್ನು ಅಗಲಿಸಬೇಡಿ, ಪಕ್ಕಕ್ಕೆ ತಿರುಚಿ ತೆರೆಯಿರಿ. ಅಗಲಿಸಿದ್ದು ಮತ್ತೆ ದುಂಡಗಾಗದು.

ಬಿಲ್ಲೆಯ ಮೇಲೆ ಅಮೆರಿಕದವರು ಸಾಮಾನ್ಯವಾಗಿ ಒತ್ತುವುದು 1973. ಗರ್ಭಪಾತವನ್ನು ಸಂವಿಧಾನದ ಹಕ್ಕೆಂದು ಒಪ್ಪಿದ ರೋ ತೀರ್ಪು ಬಂದ ವರ್ಷ. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕನ್ನಡಿಗರಿಗೆ 2012 ಹೆಚ್ಚು ಹತ್ತಿರ: ಬೆಳಗಾವಿಯ ಸವಿತಾ ಹಾಲಪ್ಪನವರ್ ಗರ್ಭಪಾತ ನಿರಾಕರಣೆಗೊಳಗಾಗಿ ಐರ್ಲೆಂಡಿನ ಗಾಲ್ವೇಯಲ್ಲಿ ನಂಜೇರಿ ತೀರಿಕೊಂಡ ವರ್ಷ. ಯಾವುದನ್ನೇ ಒತ್ತಿ, ಕಿಟ್‌ನ ಮರದ ಹಲಗೆ ಮೇಲೆ ಮಾತ್ರ ಬೇಡ. ಏಟಿಗೆ ಮರ ತಗ್ಗುತ್ತದೆ, ಪಂಚ್ ಪುಟಿದು ಅಂಕಿ ಎರಡೆರಡು ಮೂಡುತ್ತದೆ, ಬಿಲ್ಲೆ ದೊನ್ನೆಯಂತಾಗುತ್ತದೆ. ಉಕ್ಕಿನ ದಿಮ್ಮಿ ಬೇರೆ ಕೊಳ್ಳಿ. ಒಂದೇ ಗಟ್ಟಿ ಏಟು ಕೊಡಿ.

ಚಿನ್ನದ ಲೇಪದ ತಂತಿಯ ಕಿಟ್ ಕೂಡ ಸಿಗುತ್ತದೆ, ದುಡ್ಡು ದಂಡ. ಕಾಯಿಸಿದರೆ ಲೇಪ ಕೆಡುತ್ತದೆ, ಇಕ್ಕಳ ಹಿಡಿದಲ್ಲೆಲ್ಲ ಕಿತ್ತುಬರುತ್ತದೆ. ಅಲ್ಲದೆ ಹ್ಯಾಂಗರಿಗೆ ಚಿನ್ನದ ಮೆರುಗು ಯಾಕೆ?